ಗೇಣುದ್ದ ಬಾಲದ ಹೂವು

ಸಸ್ಯೋದ್ಯಾನದ ಗಾಜಿನಮನೆಯಲ್ಲಿ ಆ ಜಾತಿಯ ಬಿಳಿ ಆರ್ಕಿಡ್ ಗಿಡಗಳು ಎರಡೇ ಉಳಿದಿದ್ದವು. ಆರು ವರ್ಷಗಳಿಂದ ತಪ್ಪದೆ ಹೂ ಬಿಡುತ್ತಿದ್ದವು, ಕಾಯಿ ಮಾತ್ರ ಕಚ್ಚಿರಲಿಲ್ಲ. ಪ್ರತಿ ಹೂವಿನ ಹಿಂದೆ ಗೇಣುದ್ದದ ಸಪೂರ ಬಾಲ ಜೋತುಬಿದ್ದಿರುತ್ತದೆ. ಬಾಲ ಟೊಳ್ಳು, ಅದರ ತುದಿಯಲ್ಲಿ ಮಕರಂದ. ಅಷ್ಟುದ್ದ ನಾಲಿಗೆಯ ಪತಂಗಕ್ಕೆ ಮಾತ್ರ ಅದು ಎಟಕುತ್ತದೆ. ಗಾಜಿನೊಳಗೆ ಅಂಥ ಪತಂಗ ಎಲ್ಲಿಂದ ಬರಬೇಕು?

ಸಂಶೋಧಕ ವರ್ಷ ವರ್ಷವೂ ಕುಂಚ ಹಿಡಿದು ಬಂದು ಹೂಗಳನ್ನು ಸವರುತ್ತಿದ್ದ. ಕುಂಚಕ್ಕೆ ಪರಾಗ ಹತ್ತುತ್ತಲೇ ಇರಲಿಲ್ಲ.

“ಈ ಸಲ ನಂಗೆ ಬಿಡಿ ಸಾರ್,” ಎಂದಳು ಮಾಲಿ. ಇಪ್ಪತ್ತೆರಡು ವರ್ಷ ಆ ಗಿಡಗಳಿಗೆ ನೀರೆರೆದವಳು ಅವಳು. ಸಂಶೋಧಕ ನಕ್ಕ, ಆದರೆ ಬೇಡವೆನ್ನಲಿಲ್ಲ.

ಉದುರಿದ ಹೂವೊಂದನ್ನು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದಳು. ಅವಳ ತಂಗಿ ದರ್ಜಿ. ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿಯಿಂದ ತಂಗಿ ಹೂವಿನ ಎಸಳುಗಳನ್ನು ನವಿರಾಗಿ ಕತ್ತರಿಸಿ ತೆಗೆದಳು. ಬಾಲದ ಬಾಯಿಯ ಆಚೆ ಈಚೆ ಒಂದೊಂದು ಪರಾಗದ ಗಂಟು, ಗಂಟಿನ ಬುಡದಲ್ಲಿ ಒಳಮುಖವಾಗಿ ಅಂಟಂಟಾದ ಚುಕ್ಕೆ.

“ಇದು ಅಂಗಿ ಗುಂಡಿ-ಕಾಜದ ಲೆಕ್ಕ ಕಣಕ್ಕಾ,” ಎಂದಳು ತಂಗಿ. “ಸರಿಯಾದ ಅಳತೆದು ಒಳಗೆ ಬಂದ್ರೇನೇ ಹತ್ಕೊಳ್ಳೋದು. ಕುಂಚ ಹೊರಗಡೆನೇ ಒರೆಸಿ ಹೋಗುತ್ತೆ.”

“ಅಂದ್ರೆ ಪತಂಗದ ನಾಲಿಗೆ ಸಾಲ್ದು, ತಲೆನೂ ಬೇಕು!” ಎಂದಳು ಅಕ್ಕ.

ಇಬ್ಬರೂ ನಾಲಿಗೆಯ ಬದಲು ಗಡಸು ನೈಲಾನ್ ದಾರ ತೆಗೆದುಕೊಂಡು, ತಲೆಯ ಬದಲು ಅದಕ್ಕೆ ಮಣಿ ಪೋಣಿಸಿ ನೋಡಿದರು. ಸಣ್ಣ ಮಣಿ ಎರಡೂ ಚುಕ್ಕೆಗಳ ನಡುವೆ ನುಸುಳಿತು. ದೊಡ್ಡದು ಬಾಯಲ್ಲೇ ಸಿಕ್ಕಿಕೊಂಡಿತು. ಮೂರನೆಯದು ಹೇಳಿ ಮಾಡಿಸಿದಂತಿತ್ತು.

ಮರುದಿನ ಬೆಳಗ್ಗೆ ಗಾಜಿನಮನೆಯಲ್ಲಿ, ಸಂಶೋಧಕನ ಎದುರು, ಮಾಲಿ ದಾರವನ್ನು ಮೊದಲ ಗಿಡದ ಹೂವಿನ ಬಾಲಕ್ಕೆ ಇಳಿಸಿ, ಮಣಿ ಬಾಯಿಗೆ ಒತ್ತುವ ತನಕ ತಳ್ಳಿ, ಹಿಂದೆಳೆದಳು. ಮಣಿಯ ಮೇಲೆ ಎರಡು ಪರಾಗದ ಗಂಟುಗಳು ಕೊಂಬಿನಂತೆ ನೆಟ್ಟಗೆ ನಿಂತಿದ್ದವು.

“ಅಬ್ಬಾ!” ಎಂದ ಸಂಶೋಧಕ. “ಬೇಗ ಆ ಗಿಡಕ್ಕೆ ಹಾಕಿ!”

ಅವಳು ಎರಡನೆಯ ಗಿಡದ ಹೂವಿಗೆ ಮಣಿಯನ್ನು ಹಿಡಿದಳು. ಗಂಟುಗಳು ಮೇಲಿನ ಎಸಳಿಗೆ ತಾಗಿದವೇ ಹೊರತು, ಪರಾಗ ಸೇರಬೇಕಾದ ಕೆಳಗಿನ ಜಿಗುಟು ಗುಳಿಯನ್ನು ಮುಟ್ಟಲಿಲ್ಲ. ಸಂಶೋಧಕನ ಮುಖ ಬಾಡಿತು.

“ಅವಸರ ಮಾಡ್ಬೇಡಿ,” ಎಂದಳು ಅವಳು. “ಒಂದು ಗಿಡದಿಂದ ಇನ್ನೊಂದಕ್ಕೆ ಹಾರೋಕೆ ಪತಂಗಕ್ಕೂ ಹೊತ್ತು ಬೇಕಲ್ವಾ? ಹೂವಿಗೆ ಅದು ಗೊತ್ತಿರುತ್ತೆ.”

ಕೈ ಅಲುಗದಂತೆ ನಿಂತಳು. ಅರ್ಧ ನಿಮಿಷ ಕಳೆಯುವುದರೊಳಗೆ, ಇಬ್ಬರೂ ನೋಡುತ್ತಿದ್ದಂತೆಯೇ, ನೆಟ್ಟಗಿದ್ದ ಗಂಟುಗಳು ತಾವಾಗಿಯೇ ಮೆಲ್ಲಗೆ ಮುಂದಕ್ಕೆ ಬಾಗಿದವು. ಅವಳು ಮತ್ತೆ ದಾರ ಇಳಿಸಿದಳು. ಈ ಸಲ ಗಂಟುಗಳು ನೇರ ಗುಳಿಗೆ ತಾಗಿ ಅಲ್ಲೇ ಅಂಟಿಕೊಂಡವು.

ಸಂಶೋಧಕ ಕನ್ನಡಕ ತೆಗೆದು ಒರೆಸಿಕೊಂಡ. “ಆರು ವರ್ಷ ನಾನು ಹೂವಿಗೆ ಬಣ್ಣ ಹೊಡೀತಿದ್ದೆ ಅನ್ಸುತ್ತೆ,” ಎಂದು ತನ್ನನ್ನೇ ಗೇಲಿ ಮಾಡಿಕೊಂಡ. ಉಳಿದ ಹೂಗಳಿಗೆಲ್ಲ ಅವನೇ ದಾರ ಹಿಡಿದ, ಅವಳು ಪಕ್ಕದಲ್ಲಿ ನಿಂತು ತಿದ್ದಿದಳು.

ಹತ್ತು ಹೂಗಳಲ್ಲಿ ಎಂಟು ಕಾಯಿಯಾದವು. ಧೂಳಿನಂಥ ಬೀಜಗಳನ್ನು ಗಾಜಿನ ಸೀಸೆಗಳಲ್ಲಿ ಬಿತ್ತಿದರು. ತಿಂಗಳುಗಳು ಕಳೆದು ಹಸಿರು ಚುಕ್ಕೆಗಳು ಮೂಡಿದ ದಿನ ಮಾಲಿ ತಂಗಿಯನ್ನು ಕರೆತಂದು ತೋರಿಸಿದಳು. ತಂಗಿ ಸೀಸೆಗೆ ಮೂಗು ತಾಗಿಸಿ ನೋಡಿದಳು.

“ಸಾಸಿವೆಗಿಂತ ಸಣ್ಣದಿದೆ. ಇಷ್ಟಕ್ಕಾ ಅಷ್ಟೊಂದು ಸಂಭ್ರಮ?”

“ಐದು ವರ್ಷ ತಾಳ್ಕೋ,” ಎಂದಳು ಅಕ್ಕ. “ಕಾಲಿಡೋಕೆ ಜಾಗ ಇಲ್ದ ಹಾಗೆ ಹೂ ಬಿಡಿಸ್ತೀನಿ.”