ಹದಿನಾಲ್ಕನೇ ತಲೆ

"ಹೇನಿನ ಸಂತಿ ಹಚ್ಚೀರೇನ್ಲೇ ರಂಡೇರ್ಯಾ ಇಲ್ಲಿ? ಮಧ್ಯಾನಕ್ಕ ಬೀದರದಿಂದ ದೊಡ್ಡ ಸಾಹೇಬ್ರು ಬರ್ತಾರ. ಅಷ್ಟರಾಗ ಎಲ್ಲಾರ ತಲಿ ಬೋಳಾಗಬೇಕು. ಇಲ್ಲಾಂದ್ರ ನಿನ್ನ ನೌಕರಿ ಖಲಾಸ, ಸುಂದ್ರಿ!"

ವಾರ್ಡನ್ ಮಹಾರುದ್ರಪ್ಪ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು ಕೂಗಿದ. ಒಳಗೆ ಕಾಲಿಟ್ಟರೆ ಮನೆಗೆ ಹೋಗಿ ಸ್ನಾನ ಮಾಡಬೇಕು, ಅದು ಅವನ ತಾಪತ್ರಯ. ಸುಂದರಬಾಯಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಹುಮನಾಬಾದಿನ ಈ ಹರಿಜನ ಹುಡುಗಿಯರ ಹಾಸ್ಟೆಲಿಗೆ ಅಡುಗೆಯವಳೂ ಅವಳೇ, ಆಯಾನೂ ಅವಳೇ, ಕಸ ಹೊಡೆಯುವವಳೂ ಅವಳೇ. ಒಂಬತ್ತು ವರ್ಷ ರೊಟ್ಟಿ ಬಡಿದು ಭುಜ ಜೋತು ಬಿದ್ದಿದ್ದವು.

"ಹೆಣ್ಣ ಹುಡುಗ್ಯಾರ್ರಿ ಸಾಹೇಬ್ರ. ನಾಕ ತಿಂಗಳಾತು, ಎಣ್ಣಿ ಕೊಡ್ರಿ, ಸಾಬಾಣ ಕೊಡ್ರಿ ಅಂತ ಕೇಳಾಕತ್ತೇನಿ. ಎಣ್ಣಿ ಹಚ್ಚಿ ಸೀರಣಿಗಿ ಆಡಿಸಿದ್ರ ಎಂಟ ದಿನದಾಗ ಹೇನ ಹೋಗ್ತಾವ."

"ನನಗ ಕಾನೂನ ಹೇಳ್ತಿ? ಬಾಯಿ ಮುಚ್ಚು."

ಮುಚ್ಚಿದಳು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಸರ್ಕಾರ ಕಳಿಸಿದ ಎಣ್ಣೆ ಸಾಬೂನು ಯಾರ ಮನೆ ಸೇರುತ್ತದೆಂದು ಇಡೀ ಓಣಿಗೆ ಗೊತ್ತಿತ್ತು.

ದಫ್ತರದಲ್ಲಿ ಇಪ್ಪತ್ತೆರಡು ಹುಡುಗಿಯರಿಗೆ ಇಪ್ಪತ್ತೆರಡು ನಂಬರು. ಸುಂದರಬಾಯಿಗೆ ಆ ಲೆಕ್ಕ ಹತ್ತಲೇ ಇಲ್ಲ. ಲಲಿತಾಳಿಗೆ ರೊಟ್ಟಿ ನೆನೆಸಿ ಕೊಡಬೇಕು, ಒಸಡು ನೋವು. ಶಕುಂತಲಾ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಾಳೆ, ಉಳಿದವರು ಏಳುವ ಮೊದಲೇ ಅವಳ ಕೌದಿ ಒಗೆದು ಹಾಕಬೇಕು. ಇನ್ನು ತುಳಜಾ.

ತುಳಜಾಳಿಗೆ ಎಂಟು ವರ್ಷ. ಅಪ್ಪ ಹಣಮಂತ ಹುಲಸೂರ ಕಡೆ ಒಬ್ಬ ಪಾಟೀಲನ ಮನೆಯಲ್ಲಿ ಜೀತಕ್ಕಿದ್ದ. ಅವ್ವ ಸಾಯುವ ಮುಂಚಿನ ದಿನ ಎಣ್ಣೆ ಹಚ್ಚಿ ಹೆಣೆದ ಜಡೆಯನ್ನು ಆ ಹುಡುಗಿ ಯಾರಿಗೂ ಬಿಚ್ಚಗೊಟ್ಟಿರಲಿಲ್ಲ. ಮಗಳನ್ನು ಹಾಸ್ಟೆಲಿಗೆ ಬಿಡುವಾಗ ಹಣಮಂತ ಅಂದಿದ್ದ: "ಇಲ್ಲಿ ಇರಾಕ ಅಂಜಿದ್ರ ಒಯ್ತೀನಿ ಆಯಿ. ಪಾಟೀಲ್ರು ಹ್ಯಾಂಗೂ ಅಕಿನ್ನ ಎಮ್ಮಿ ಕಾಯಾಕ ಕಳಸು ಅನ್ನಾಕತ್ತಾರ." ಜಡೆ ಬಿಚ್ಚೆಂದು ಸುಂದರಬಾಯಿ ಒತ್ತಾಯ ಮಾಡಲಿಲ್ಲ. ಒಂದೂವರೆ ತಿಂಗಳು ದಿನಾ ಸಂಜೆ ಪಕ್ಕದಲ್ಲಿ ಸುಮ್ಮನೆ ಕೂತಳು. ಹೋದ ಗುರುವಾರ ಹುಡುಗಿ ತಾನಾಗಿಯೇ ಬಂದು ಅವಳ ತೊಡೆಯ ಮೇಲೆ ತಲೆ ಇಟ್ಟಿತ್ತು. ಇವತ್ತು ಆ ತಲೆಗೆ ಕತ್ತರಿ ಬಿದ್ದರೆ ಹುಡುಗಿ ಇಲ್ಲಿ ನಿಲ್ಲುವುದಿಲ್ಲ, ಎಮ್ಮೆಯ ಹಿಂದೆಯೇ ಅವಳ ಬಾಳು ಮುಗಿಯುತ್ತದೆ. ಹೋದ ವರ್ಷ ಇಬ್ಬರು ಹಾಗೇ ಹೋಗಿದ್ದರು.

ಹತ್ತು ಗಂಟೆಗೆ ಮಡೆಪ್ಪ ಬಂದ. ಕುರಿಯ ಉಣ್ಣೆ ಕತ್ತರಿಸುವವನು. ಊರಿನ ಕ್ಷೌರದವರು ಒಬ್ಬರೂ ಈ ತಲೆಗಳನ್ನು ಮುಟ್ಟಲು ಒಪ್ಪದೆ, ವಾರ್ಡನ್ ಅವನನ್ನು ಹಿಡಿದು ತಂದಿದ್ದ. ಹಿತ್ತಲಲ್ಲಿ ಹುಡುಗಿಯರ ಸಾಲು ನಿಂತಿತು. ವಾರ್ಡನ್ ದೂರ ನಿಂತು ದಫ್ತರದ ನಂಬರು ಕೂಗತೊಡಗಿದ.

"ಒಂದ!"

ಲಲಿತಾ ಕೂತಳು. ದೊಡ್ಡ ಕತ್ತರಿ ಕಿವಿಯ ಅಂಚು ಕಚ್ಚಿ ರಕ್ತ ಬಂತು. ಮಡೆಪ್ಪ ಕತ್ತರಿ ಹಿಂದಕ್ಕೆ ತೆಗೆದುಕೊಂಡ.

"ಕುರಿ ಆದ್ರ ಕಾಲ ಕಟ್ತೀವ್ರಿ. ಕೂಸಿಗಿ ಹ್ಯಾಂಗ ಮಾಡ್ಲಿ?"

"ಕಟ್ಟು. ಇವೇನ ಬ್ಯಾರೆ ಅವ?"

ಎರಡು. ಮೂರು. ನಾಲ್ಕು. ಅಳುವ ಹುಡುಗಿಯರ ಹೆಗಲು ಹಿಡಿದುಕೊಂಡವಳು ಸುಂದರಬಾಯಿಯೇ. ಅಲುಗಿದರೆ ಕತ್ತರಿ ತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜಕ್ಕೂ ಅದು ನೌಕರಿಯ ಭಯ ಎಂಬುದು ಅವಳಿಗೂ ಗೊತ್ತಿತ್ತು. ಹದಿಮೂರು ತಲೆ ಮುಗಿದಾಗ ತನ್ನ ಕೈಗಳ ಮೇಲೇ ಅವಳಿಗೆ ಹೇಸಿಗೆಯಾಯಿತು.

"ಹದಿನಾಲ್ಕ!"

ತುಳಜಾ ಕಂಬ ಅಪ್ಪಿಕೊಂಡು ನಿಂತಿದ್ದಳು. ಅಳಲಿಲ್ಲ. ಸುಂದರಬಾಯಿಯನ್ನೇ ನೋಡಿದಳು.

"ಅಕಿನ್ನ ಹಿಡಿಯೇ, ಹಲ್ಕಟ್!"

ಸುಂದರಬಾಯಿ ಹುಡುಗಿಯ ಕೈ ಹಿಡಿದಳು. ಹಿಡಿದು ಕತ್ತರಿಯ ಕಡೆ ಹೋಗಲಿಲ್ಲ. ಓಣಿಗೆ ಮುಖ ಮಾಡಿದ ಮುಂದಿನ ಕಟ್ಟೆಗೆ ಹೋದಳು. ಬಿಸಿಲಿಗೆ ಕೂತು ತುಳಜಾಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಜಡೆ ಬಿಚ್ಚಿದಳು, ಸೊಂಟದಿಂದ ಹೇನು ಬಾಚುವ ಸೀರಣಿಗೆ ತೆಗೆದಳು. ಯಾರಿಗೂ ಜಡೆ ಬಿಚ್ಚಗೊಡದ ಹುಡುಗಿ ತಾನಾಗಿಯೇ ತಲೆ ಬಗ್ಗಿಸಿತು. ಉಳಿದವರು ಓಡಿ ಬಂದು ಒಬ್ಬರ ಮುಂದೊಬ್ಬರು ಕೂತರು. ಬೋಳಾದವರು ಜಡೆ ಇದ್ದವರ ತಲೆ ನೋಡತೊಡಗಿದರು.

"ಒಳಗ ನಡೀಯೇ! ಜೀಪ ಬರೂ ಹೊತ್ತಾತು!"

ಮಹಾರುದ್ರಪ್ಪ ಸುತ್ತಲೂ ಕುಣಿದಾಡಿದ. ಎಳೆದು ಒಳಗೆ ಹಾಕಬೇಕೆಂದರೆ ಮುಟ್ಟಬೇಕು. ಇವರನ್ನು ಅವನು ಹುಟ್ಟಿದಾರಭ್ಯ ಮುಟ್ಟಿದವನಲ್ಲ. "ಮಡೆಪ್ಪಾ, ಎಳಿ ಇವಳನ್ನ!" ಎಂದ.

"ಆಗಂಗಿಲ್ರಿ." ಮಡೆಪ್ಪ ಕತ್ತರಿಯನ್ನು ಧೋತರಕ್ಕೆ ಒರೆಸಿಕೊಂಡು ಹೊರಟೇ ಹೋದ.

ಜೀಪು ಬಂತು. ಬಸ್ಸಿಗೆ ಹೊರಟಿದ್ದ ನಾಲ್ಕಾರು ಜನ ಆಗಲೇ ಓಣಿಯಲ್ಲಿ ನಿಂತು ನೋಡುತ್ತಿದ್ದರು. ಸಾಹೇಬರು ಇಳಿದು, ಲಲಿತಾಳ ಕಿವಿಯ ರಕ್ತ ಕಂಡು ಹುಬ್ಬು ಗಂಟಿಕ್ಕಿದರು.

"ಏನಿದು?"

"ಹೇನ ನೋಡಾಕತ್ತೇನ್ರಿ," ಎಂದಳು ಸುಂದರಬಾಯಿ, ಏಳದೆ. "ನಾಕ ತಿಂಗಳಾತ್ರಿ ಈ ತಲಿಗೋಳ ಎಣ್ಣಿ ಕಂಡಿಲ್ಲ. ಅದಕ್ಕ ಕುರಿ ಕತ್ತರಿ ತರಿಸ್ಯಾರ. ಹದಿಮೂರ ತಲಿ ನಾನೇ ಹಿಡದ ಕೊಟ್ಟೀನಿ, ಪಾಪ ನಂದೂ ಅದ."

ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದರು. ವಾರ್ಡನ್ನನ್ನು ನೋಡಿದರು, ನಿಂತ ಜನರನ್ನು ನೋಡಿದರು, ದಫ್ತರ ಕೇಳಿ ಒಳಗೆ ಹೋದರು. ಮಹಾರುದ್ರಪ್ಪ ಹಿಂದೆ ಉಳಿದು ಬಗ್ಗಿ, ಹಲ್ಲು ಕಚ್ಚಿ ಅಂದ:

"ನಾಳಿಗಿ ನೀ ಇಲ್ಲಿ ಇರಂಗಿಲ್ಲ, ತಿಳ್ಕೊ."

"ನಾಳಿದು ನಾಳಿಗಿ ನೋಡೋಣ್ರಿ." ಸುಂದರಬಾಯಿ ತುಳಜಾಳ ತಲೆಯನ್ನು ಮೆಲ್ಲಗೆ ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು. "ಇನ್ನ ಅರ್ಧಾ ತಲಿ ಉಳದದ. ಅತ್ಲಾಗ ಸರೀರಿ, ಬೆಳಕಿಗಿ ಅಡ್ಡ ನಿಂತೀರಿ."