ಹನ್ನೊಂದು ಕಿಲೋ

"ಎಡಗಡೆ ಸ್ವಲ್ಪ ಮೇಲೆ," ಎಂಬ ಮಾತು ಬಾಯಿಂದ ಹೊರಟುಹೋದ ಮೇಲೆ ಮೇಡಂ ನಾಲಿಗೆ ಕಚ್ಚಿಕೊಂಡರು.

ಕುರ್ಚಿಯ ಮೇಲೆ ನಿಂತು ಸತ್ತವನ ಭಾವಚಿತ್ರವನ್ನು ಮೊಳೆಗೆ ಸಿಕ್ಕಿಸುತ್ತಿದ್ದ ಕಾಲೇಜಿನ ಕಾವಲುಗಾರ ತಿರುಗಿ ನೋಡಿದ. ಕೋಣೆಯಲ್ಲಿ ಕುಳಿತಿದ್ದ ಹತ್ತು ಹನ್ನೆರಡು ಮಂದಿಯೂ ನೋಡಿದರು. ಮರದ ಪೆಟ್ಟಿಗೆಯಲ್ಲಿ ಮಲಗಿದ್ದವನು ಮಾತ್ರ ನೋಡಲಿಲ್ಲ. ಹದಿನೆಂಟು ವರ್ಷ ಆ ಮಾತಿಗೆ ಏಣಿಯ ಮೇಲಿಂದ ತಿರುಗುತ್ತಿದ್ದವನು ಅವನೇ.

ಕಾಲೇಜಿನ ಗ್ಯಾಲರಿಯಲ್ಲಿ ಚಿತ್ರಗಳನ್ನು ತೂಗುಹಾಕುವುದು ಅವನ ಕೆಲಸವಾಗಿತ್ತು. ಗ್ಯಾಲರಿಯ ಮುಖ್ಯಸ್ಥೆ ಮೇಡಂ. ಗೋಡೆಯ ಓರೆಕೋರೆ ಅಳೆಯಲು ಗಾರೆಯವರು ಇಟ್ಟುಕೊಳ್ಳುವ ರಸಮಟ್ಟ ಅವನ ಕಣ್ಣಿನಲ್ಲೇ ಇದೆಯೆಂದು ವಿದ್ಯಾರ್ಥಿಗಳು ಅವನಿಗೆ ಆ ಹೆಸರನ್ನೇ ಇಟ್ಟಿದ್ದರು.

"ನೀವೇ ಹೇಳಿ ಸರಿಮಾಡಿಸಿ ಮೇಡಂ. ಇಲ್ಲದಿದ್ರೆ ರಸಮಟ್ಟ ಎದ್ದು ಬಂದು ನನ್ನ ಕುರ್ಚಿಯಿಂದ ಇಳಿಸ್ತಾನೆ," ಎಂದ ಕಾವಲುಗಾರ. "ನನ್ನ ಮದುವೆಯಾದ ಹೊಸದರಲ್ಲಿ ಮನೆಗೆ ಕರೆದಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನಗ್ತಾ ಇದಾಳೆ, ಇವನು ಅವಳನ್ನ ದಾಟಿಕೊಂಡು ಹೋಗಿ ಗೋಡೆ ಮೇಲಿನ ಫೋಟೋ ಸರಿಮಾಡಿದ!"

"ಕ್ಯಾಲೆಂಡರನ್ನೂ ಬಿಡ್ತಿರಲಿಲ್ಲ ಅಣ್ಣ, ದಿನಕ್ಕೆರಡು ಸಲ," ಎಂದಳು ಸತ್ತವನ ಹೆಂಡತಿ. ಅಳುವಿನ ನಡುವೆಯೇ ನಗು ಬಂದು, ನಗುವೇ ಮತ್ತೆ ಅಳುವಾಯಿತು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮೇಡಂ ಕೈಗೆ ಚಹಾದ ಲೋಟ ಕೊಟ್ಟು, ಅಲ್ಲೇ ನಿಂತಳು.

"ಒಂದು ಕೇಳಲಾ ಮೇಡಂ? ಮನೆಗೆ ಸಕ್ಕರೆ ತಂದರೂ ಅಪ್ಪ ಕೊಕ್ಕೆ ತಕ್ಕಡಿಗೆ ಹಾಕಿ ನೋಡಿಯೇ ಡಬ್ಬಿಗೆ ಸುರೀತಿದ್ದರು. ಅವತ್ತು ಆ ಗಾಜಿನ ಫಲಕ ಯಾಕೆ ತೂಗಲಿಲ್ಲ?"

"ಹೊತ್ತಿರಲಿಲ್ಲಮ್ಮ," ಎಂದರು ಮೇಡಂ.

ಅದು ಸುಳ್ಳಲ್ಲ. ಆದರೆ ಅರ್ಧಕ್ಕೆ ನಿಲ್ಲಿಸಿದ ಲೆಕ್ಕವನ್ನು ಸರಿಯೆನ್ನಲೂ ಆಗದು.

"ನಿನ್ನ ಸೋಮಾರಿತನಕ್ಕೆ ಒಂದು ಹುಡುಗಿಯ ವರ್ಷದ ಕೆಲಸ ಪುಡಿಯಾಯ್ತು ಅಂತ ನಾನೇ ಅಂದುಬಿಟ್ಟೆ ಅವರಿಗೆ. ಅದಕ್ಕೂ ಸುಮ್ಮನಿದ್ದರು," ಎಂದು ಮಗಳು ಖಾಲಿ ತಟ್ಟೆಯನ್ನು ಎದೆಗವಚಿಕೊಂಡಳು.

* * *

ನಾಲ್ಕು ವರ್ಷದ ಹಿಂದಿನ ಮಾತು. ಆ ಸಾಲಿನಲ್ಲಿ ನಾಲ್ಕು ಪ್ರದರ್ಶನಗಳು: ಮಣ್ಣಿನ ಪಾತ್ರೆ, ಪೋಸ್ಟರು, ನೇಯ್ಗೆ, ಕಡೆಯದಾಗಿ ಅಂತಿಮ ವರ್ಷದವರ ಕೆಲಸ. ಮೂರು ಸುಸೂತ್ರವಾಗಿ ಮುಗಿದಿದ್ದವು. ನಾಲ್ಕನೆಯದರ ಉದ್ಘಾಟನೆ ಐದು ಗಂಟೆಗೆ. ನಾಲ್ಕೂಕಾಲಿಗೆ ಒಬ್ಬ ವಿದ್ಯಾರ್ಥಿನಿ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿದ ದೊಡ್ಡ ಫಲಕವನ್ನು ತಂದಳು. ಗಾಜು ಹನ್ನೊಂದು ಕಿಲೋ ಎಂದಳು. ನಮೂನೆಯ ಕಾಗದದಲ್ಲಿ ತೂಕವೆಂದಿದ್ದ ಕಡೆ ಮೇಡಂ 11 ಎಂದು ಬರೆದರು. ಮರದ ಚೌಕಟ್ಟನ್ನು ಕೂಡಿಸಲಿಲ್ಲ. ಎತ್ತಿ ನೋಡಲೂ ಇಲ್ಲ.

ಅವನು ತಕ್ಕಡಿ ತಂದ. "ಒಂದು ಸಲ ತೂಗಿಬಿಡ್ತೀನಿ ಮೇಡಂ. ಎರಡು ನಿಮಿಷ."

"ಬರೆದಿದೀನಲ್ಲಪ್ಪ! ಅತಿಥಿಗಳು ಮೆಟ್ಟಿಲು ಹತ್ತುತ್ತಾ ಇದಾರೆ, ನಿನ್ನದೊಂದು ತಕ್ಕಡಿ."

ಅವನು ಫಲಕವನ್ನು ಎರಡು ಕೈಗಳಲ್ಲಿ ಎತ್ತಿ, ಒಂದು ಗಳಿಗೆ ಹಾಗೆಯೇ ನಿಂತ. ಕಾಗದವನ್ನು ನೋಡಿದ, ಮೇಡಂ ಮುಖವನ್ನು ನೋಡಿದ. ಆಮೇಲೆ ಹನ್ನೊಂದು ಕಿಲೋ ತಡೆಯುವ ಮೊಳೆಗಳನ್ನು ಹೊಡೆದ.

"ಎಡಗಡೆ ಸ್ವಲ್ಪ ಮೇಲೆ," ಎಂದರು ಮೇಡಂ.

ಮರುದಿನ ಬೆಳಿಗ್ಗೆ, ಗ್ಯಾಲರಿಯಲ್ಲಿ ಯಾರೂ ಇಲ್ಲದಾಗ, ಫಲಕ ಬಿತ್ತು. ಚೂರುಗಳನ್ನೂ ಚೌಕಟ್ಟನ್ನೂ ತೂಗಿದಾಗ ಹತ್ತೊಂಬತ್ತು ಕಿಲೋ. ತೂಗುವುದು ಯಾರ ಕೆಲಸವೆಂದು ವಿಚಾರಣೆಯಲ್ಲಿ ಕೇಳಿದರು. "ಅವನದು," ಎಂದರು ಮೇಡಂ. ನಮೂನೆಯನ್ನು ಯಾರೂ ಕೇಳಲಿಲ್ಲ, ಅವರೂ ತೋರಿಸಲಿಲ್ಲ. ಅವನು ತನ್ನ ಅಂಗೈಗಳನ್ನೇ ನೋಡಿಕೊಂಡು, "ತೂಗಬೇಕಿತ್ತು," ಎಂದಷ್ಟೇ ಹೇಳಿದ.

ಅವನನ್ನು ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಹಾಕಿದರು. ಎದುರಾದಾಗಲೆಲ್ಲ, "ಈ ಸಲದ ಪ್ರದರ್ಶನ ಚೆನ್ನಾಗಿದೆಯಂತೆ ಮೇಡಂ," ಎನ್ನುತ್ತಿದ್ದ. ಗ್ಯಾಲರಿ ಇದ್ದದ್ದು ಹದಿನಾಲ್ಕು ಮೆಟ್ಟಿಲು ಮೇಲೆ. ಬಂದು ನೋಡು ಎಂದು ಮೇಡಂ ಒಮ್ಮೆಯೂ ಅನ್ನಲಿಲ್ಲ.

* * *

ಬಾಗಿಲಿಗೆ ಗಾಡಿ ಬಂತು. ಪೆಟ್ಟಿಗೆಗೆ ನಾಲ್ಕು ಹಿಡಿ. ಕಾವಲುಗಾರ ಒಂದು ಹಿಡಿದ, ನೆರೆಮನೆಯವರಿಬ್ಬರು ಎರಡು ಹಿಡಿದರು.

"ಇನ್ನೊಬ್ಬರು ಬನ್ರಪ್ಪ."

ಮೇಡಂ ಲೋಟ ಕೆಳಗಿಟ್ಟು ಎದ್ದರು.

"ನೀವಾ? ಬೇಡಿ ಮೇಡಂ, ಭಾರ ಇದೆ."

"ಎತ್ತಿದರೆ ತಾನೆ ಗೊತ್ತಾಗೋದು," ಎಂದು ಮೇಡಂ ನಾಲ್ಕನೆಯ ಹಿಡಿಗೆ ಕೈಹಾಕಿದರು. ಆದರೆ ಎತ್ತಲಿಲ್ಲ. ಬಗ್ಗಿದ್ದವರು ಹಾಗೆಯೇ ಮಗಳತ್ತ ತಿರುಗಿದರು.

"ಹನ್ನೊಂದು ಅಂತ ಬರೆದವಳು ನಾನಮ್ಮ. ಚೌಕಟ್ಟಿನ ಎಂಟು ಕಿಲೋ ಬಿಟ್ಟಿದ್ದೆ. ನಿಮ್ಮಪ್ಪ ತಕ್ಕಡಿ ತಂದಿದ್ದರು. ಬೇಡ ಅಂದೆ."

ಕಾವಲುಗಾರ ಹಿಡಿದ ಹಿಡಿಯನ್ನೇ ನೋಡುತ್ತಿದ್ದ. ಸತ್ತವನ ಹೆಂಡತಿ ಗೋಡೆಯ ಭಾವಚಿತ್ರವನ್ನು ನೋಡಿದಳು.

"ಅಪ್ಪನ ಕೈಗೆ ಗೊತ್ತಾಗಿರುತ್ತೆ," ಎಂದಳು ಮಗಳು. "ಕೈಯನ್ನ ಬಿಟ್ಟು ನಿಮ್ಮ ಬರಹ ನಂಬಿದರು. ನಾನು ಅವರನ್ನೇ ಬೈದೆ."

"ಎತ್ತೋಣ," ಎಂದ ಕಾವಲುಗಾರ, ನೆಲಕ್ಕೆ ಹೇಳುವಂತೆ.

ಎತ್ತಿದರು. ಹಿಡಿ ಮೇಡಂ ಬೆರಳುಗಳನ್ನು ಕಚ್ಚಿತು. ಅವರಿದ್ದ ಎಡಮೂಲೆ ತಗ್ಗಿ ಪೆಟ್ಟಿಗೆ ಓರೆಯಾಯಿತು. ಹಿಂದೆ ನಿಂತಿದ್ದ ಮಗಳು ಅವರ ಮುಖವನ್ನು ನೋಡಲಿಲ್ಲ. ಒಂದು ಕಣ್ಣು ಕಿರಿದುಮಾಡಿ ಪೆಟ್ಟಿಗೆಯ ಅಂಚನ್ನಷ್ಟೇ ನೋಡಿದಳು.

"ಎಡಗಡೆ ಸ್ವಲ್ಪ ಮೇಲೆ, ಮೇಡಂ."

ಮೇಡಂ ಎರಡನೆಯ ಕೈಯನ್ನೂ ಕೊಟ್ಟು ಎತ್ತಿದರು.