ಮಲ್ಕಾಳ ಬೆನ್ನಿನ ಗೆರೆಗಳು

ದ್ರೌಪದಮ್ಮನಿಗೆ ಆಗ ಐವತ್ತೆರಡು. ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ ನಿಂತು ನಿಂತು ಮೊಣಕಾಲು ಸೋತಿದ್ದವು. "ಉಸಿರು ಎಳ್ಕೊಳ್ಳಿ, ಹಂಗೇ ಹಿಡ್ಕೊಳ್ಳಿ" ಅಂತ ದಿನವೆಲ್ಲ ಹೇಳಿ ಮನೆಗೆ ಹೋದರೆ ಇನ್ನೊಂದು ಮಾತಾಡಲು ಬೇಸರ.

ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಮಲ್ಕಾ ಮತ್ತೆ ಬಂದಳು. ಹನ್ನೆರಡು ವರ್ಷದ, ಬಡಕಲು ಹುಡುಗಿ. ಬೆನ್ನುಮೂಳೆ ಬಲಕ್ಕೆ ಬಾಗಿತ್ತು. ಬಾಗು ಹೆಚ್ಚುತ್ತಿದೆಯೋ ಇಲ್ಲವೋ ನೋಡಲು ಮೂರು ತಿಂಗಳಿಗೊಮ್ಮೆ ಎಕ್ಸ್‌ರೇ. ತಾಯಿ ಸಬೀರಾ ಕೊಡಿಗೇಹಳ್ಳಿಯಲ್ಲಿ ಮನೆಯಲ್ಲೇ ಸೀರೆಗಳಿಗೆ ಜರಿ ಕೆಲಸ ಮಾಡುತ್ತಿದ್ದವಳು. ಅವತ್ತು ಹುಡುಗಿ ಅಲುಗಾಡಿ ಫಿಲಂ ಮಸುಕಾಯಿತು, ಇನ್ನೊಂದು ತೆಗೆಯಬೇಕಾಯಿತು. ಹಳೇ ಲಕೋಟೆಗೆ ಅದನ್ನು ಸೇರಿಸುವಾಗ ದ್ರೌಪದಮ್ಮ ಒಳಗಿದ್ದವನ್ನು ಎಣಿಸಿದಳು. ಎರಡು ವರ್ಷಕ್ಕೆ ಹನ್ನೊಂದು. ಅವಳ ಸ್ವಂತ ಎದೆಯ ಮೇಲೆ ಒಂದು ಬ್ಯಾಡ್ಜ್ ಇತ್ತು. ಎಷ್ಟು ಕಿರಣ ತಗುಲಿದೆ ಅಂತ ಆಗಾಗ ಅದನ್ನು ಪರೀಕ್ಷೆಗೆ ಕಳಿಸುತ್ತಿದ್ದರು. ಈ ಮಗುವಿನ ಲೆಕ್ಕ ಇಡುವವರು ಯಾರೂ ಇರಲಿಲ್ಲ.

ಮೂಳೆ ಡಾಕ್ಟರ್ ಶ್ರೀರಾಮಪ್ಪನವರಿಗೆ ಹೋಗಿ ಹೇಳಿದಳು. ಅವರಿಗೂ ಅದೇ ಚಿಂತೆ ಇತ್ತು. ಬೆಳೆಯುವ ಹೆಣ್ಣುಮಕ್ಕಳ ಎದೆಗೆ ಪದೇ ಪದೇ ಕಿರಣ ಬಿದ್ದರೆ ಮುಂದೆ ಕ್ಯಾನ್ಸರ್ ಬರಬಹುದೆಂಬ ಅನುಮಾನವನ್ನು ಅವರು ಓದಿದ್ದರು. ಅದಕ್ಕೊಂದು ದಾರಿಯನ್ನೂ ಓದಿದ್ದರು: ಮರದ ಚೌಕಟ್ಟಿಗೆ ಕಪ್ಪು ದಾರಗಳನ್ನು ಒತ್ತೊತ್ತಾಗಿ ಬಿಗಿದು, ಅದರ ಹಿಂದೆ ಮಗುವನ್ನು ನಿಲ್ಲಿಸಿ, ಓರೆಯಿಂದ ದೀಪ ಬಿಟ್ಟರೆ ಬೆನ್ನಿನ ಮೇಲೆ ಸುತ್ತುಸುತ್ತು ಗೆರೆಗಳು ಮೂಡುತ್ತವೆ. ಎಡಬಲದ ಗೆರೆ ಒಂದೇ ಸಮ ಇದ್ದರೆ ಸರಿ. ವ್ಯತ್ಯಾಸ ಹೆಚ್ಚಿದರೆ ಮಾತ್ರ ಎಕ್ಸ್‌ರೇ. ಬೇಕಾದ್ದು ಬರೀ ದೀಪ ಮತ್ತು ಕ್ಯಾಮೆರಾ. ಆಸ್ಪತ್ರೆಯ ಬಡಗಿಯಿಂದ ಚೌಕಟ್ಟು ಮಾಡಿಸಿದರು. ಫೋಟೋ ತೆಗೆಯಲು ಆರ್.ಟಿ. ನಗರದಿಂದ ಒಬ್ಬ ಸ್ಟುಡಿಯೋದವನನ್ನು ಕರೆಸಿದರು.

ಆದರೆ ಬೆನ್ನು ಪೂರ್ತಿ ಬರಿದಾಗಬೇಕಿತ್ತು. ಸ್ಟುಡಿಯೋದವನು ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸುವುದನ್ನು ನೋಡಿ ಮಲ್ಕಾ ಗೋಡೆಗೆ ಆತುಕೊಂಡು ನಿಂತಳು. ಸಬೀರಾ ಮಗಳ ಮೇಲೆ ದುಪಟ್ಟಾ ಹೊದೆಸಿ ಕರೆದುಕೊಂಡು ಹೋದಳು.

ಮೂರು ತಿಂಗಳಾಯಿತು, ಬರಲಿಲ್ಲ. ಐದಾಯಿತು. ಹೋಗಿ ನೋಡಬೇಕು ಅನ್ನಿಸಿದರೂ ದ್ರೌಪದಮ್ಮ ನಾಳೆ, ನಾಳಿದ್ದು ಅಂತ ತಳ್ಳಿದಳು. ಭಾನುವಾರ ಒಂದೇ ಕಾಲು ಚಾಚುವ ದಿನ. ಕೊನೆಗೆ ಒಂದು ಭಾನುವಾರ ಬಸ್ಸು ಹತ್ತಿ ಕೊಡಿಗೇಹಳ್ಳಿಯಲ್ಲಿಳಿದು, ಕೇಳಿಕೊಂಡು ಮನೆ ಹುಡುಕಿದಳು. ಸಬೀರಾ ಸೀರೆ ಬಿಗಿದಿದ್ದ ಜರಿ ಕೆಲಸದ ಚೌಕಟ್ಟಿನ ಮುಂದೆ ಕೂತಿದ್ದಳು. ಟೀ ಕೊಟ್ಟಳು.

"ಅವಳನ್ನ ಅಲ್ಲಿ ಹಂಗೆ ನಿಲ್ಲಿಸೋದಕ್ಕೆ ನನ್ನಿಂದ ಆಗಲ್ಲ ಅಮ್ಮಾ," ಅಂದಳು ಸಬೀರಾ. "ಎಕ್ಸ್‌ರೇನೇ ತೆಗೀರಿ. ಅಲ್ಲಿ ನೀವೊಬ್ಬರೇ ಇರ್ತೀರಿ."

ದ್ರೌಪದಮ್ಮ ಯೋಚಿಸಿದಳು. ಫಿಲಂ ತೊಳೆಯುವ ಕತ್ತಲೆ ಕೋಣೆ ಅವಳದೇ. ಕ್ಯಾಮೆರಾ ಒಂದೇ ಗೊತ್ತಿಲ್ಲದ್ದು.

"ಫೋಟೋನೂ ನಾನೇ ತೆಗೀತೀನಿ," ಅಂದಳು. "ಕಲ್ತ್ಕೋತೀನಿ. ಬೇರೆ ಯಾರೂ ಒಳಗೆ ಬರಲ್ಲ."

ಶ್ರೀರಾಮಪ್ಪ ತಮ್ಮ ಕ್ಯಾಮೆರಾ ಕೊಟ್ಟು ಎರಡು ಸಂಜೆ ಹೇಳಿಕೊಟ್ಟರು. ಸಬೀರಾ ಮಗಳನ್ನು ಮತ್ತೆ ಕರೆತಂದಳು. ಮೊದಲ ಸಲ ಗೆರೆಗಳು ಕಲಸಿಹೋದವು. ಚೌಕಟ್ಟು ನೋಡಿದ ಸಬೀರಾ, ದಾರ ಸಡಿಲವಾಗಿದೆ, ನಡುವೆ ಜೋತುಬಿದ್ದಿದೆ ಅಂದಳು. ಅಲ್ಲೇ ನೆಲದ ಮೇಲೆ ಕೂತು ಒಂದೊಂದೇ ಎಳೆಯನ್ನು ಬಿಚ್ಚಿ, ತನ್ನ ಕಸುಬಿನ ಬಿಗಿಯಲ್ಲಿ ಮತ್ತೆ ಕಟ್ಟಿದಳು. ಮಧ್ಯಾಹ್ನವೆಲ್ಲ ಹಿಡಿಯಿತು. ಆಮೇಲೆ ತೆಗೆದದ್ದರಲ್ಲಿ ಮಲ್ಕಾಳ ಬೆನ್ನು ಸ್ಪಷ್ಟವಾಗಿ ಬಂತು, ನೀರು ಇಳಿದ ಕೆರೆಯ ಅಂಚಿನಲ್ಲಿ ಗೆರೆಗಳು ಉಳಿದ ಹಾಗೆ. ಬಲಗಡೆ ಗೆರೆಗಳು ದಟ್ಟವಾಗಿದ್ದವು. ಎಡಗಡೆ ಕಡಿಮೆ.

ಎಕ್ಸ್‌ರೇ ತೆಗೆಯಲೇಬೇಕಾಯಿತು. ದ್ರೌಪದಮ್ಮ ಹುಡುಗಿಯ ಎದೆಯನ್ನು ಫಿಲಂ ಕಡೆಗೆ, ಬೆನ್ನನ್ನು ಮೆಷಿನ್ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಹಾಗೆ ಮಾಡಿದರೆ ಎದೆಗೆ ಬೀಳುವ ಕಿರಣ ಬಹಳ ಕಡಿಮೆ ಅಂತ ಡಾಕ್ಟರ್ ಹೇಳಿದ್ದರು. ಇಪ್ಪತ್ತನಾಲ್ಕು ಡಿಗ್ರಿ ಇದ್ದ ಬಾಗು ಮೂವತ್ತೊಂದಾಗಿತ್ತು. ಐದು ತಿಂಗಳಲ್ಲಿ.

ಸಬೀರಾ ಅಳಲಿಲ್ಲ. ತಪ್ಪು ತನ್ನದು ಅಂದಳು. ದ್ರೌಪದಮ್ಮನಿಗೆ ತಾನು ತಳ್ಳಿದ ಭಾನುವಾರಗಳು ನೆನಪಾದವು. ಇಬ್ಬರದೂ ಅಂತ ಹೇಳಬೇಕೆಂದುಕೊಂಡಳು. ಸುಸ್ತಾಗಿ, ಸಬೀರಾಳ ಪಕ್ಕ ಬೆಂಚಿನ ಮೇಲೆ ಕೂತಳು, ಅಷ್ಟೇ.

ಬಾಗು ಹೆಚ್ಚದಂತೆ ಮೈಗೆ ಬಿಗಿಯಲು ಮಲ್ಕಾಗೆ ಚರ್ಮ ಮತ್ತು ಕಬ್ಬಿಣದ ಪಟ್ಟಿಗಳ ಬ್ರೇಸ್ ಬಂತು, ಗದ್ದದ ತನಕ. ಹಗಲೂ ರಾತ್ರಿ ಹಾಕಿಕೊಂಡಿರಬೇಕು. ಸೆಕೆಗೆ ಪಟ್ಟಿ ಉಜ್ಜಿ ಮೈ ಗಾಯವಾಗುತ್ತಿತ್ತು. ಕೆಲವು ದಿನ ಬಿಚ್ಚಿಟ್ಟು ಅಮ್ಮನಿಂದ ಬೈಸಿಕೊಂಡಳು. ಮೂರು ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ದ್ರೌಪದಮ್ಮ ಫೋಟೋ ತೆಗೆದಳು. ಎಕ್ಸ್‌ರೇ ವರ್ಷಕ್ಕೊಂದಕ್ಕೆ ಇಳಿಯಿತು. ಇತರ ಹುಡುಗಿಯರೂ ಬರತೊಡಗಿದರು, ಎಂಟೋ ಒಂಬತ್ತೋ ಮಂದಿ. ಅದಕ್ಕಾಗಿ ಯಾರೂ ದ್ರೌಪದಮ್ಮನ ಬೇರೆ ಕೆಲಸ ಕಡಿಮೆ ಮಾಡಲಿಲ್ಲ.

ಎಂಬತ್ತೈದರಲ್ಲಿ ಶ್ರೀರಾಮಪ್ಪ ಬೇರೆ ಊರಿಗೆ ಹೋದರು, ಕ್ಯಾಮೆರಾವೂ ಹೋಯಿತು. ಹೊಸದಾಗಿ ಬಂದ ಡಾಕ್ಟರಿಗೆ ನೆರಳಿನ ಗೆರೆಗಳ ಮೇಲೆ ನಂಬಿಕೆಯಿರಲಿಲ್ಲ. ದಪ್ಪ ಮಕ್ಕಳಲ್ಲಿ ಅದು ಸರಿ ತೋರಿಸಲ್ಲ ಅಂದರು. ಅದು ನಿಜವೂ ಆಗಿತ್ತು. ಚೌಕಟ್ಟನ್ನು ಉಗ್ರಾಣಕ್ಕೆ ಹಾಕಿದರು. ದ್ರೌಪದಮ್ಮ ವಾದ ಮಾಡಲಿಲ್ಲ. ಆದರೆ ಬೆನ್ನಿನ ಎಕ್ಸ್‌ರೇಗೆ ಬಂದ ಪ್ರತಿ ಹುಡುಗಿಯನ್ನೂ ತಿರುಗಿಸಿಯೇ ನಿಲ್ಲಿಸಿದಳು. ಎಡಬಲ ಅದಲುಬದಲಾಗಿದೆ, ಹಳೇ ಫಿಲಂ ಜೊತೆ ಹೋಲಿಸುವುದು ಹೇಗೆ ಅಂತ ಹೊಸ ಡಾಕ್ಟರ್ ಒಮ್ಮೆ ಸಿಟ್ಟಾದಾಗ, ದೀಪದ ಪೆಟ್ಟಿಗೆಯ ಮೇಲಿದ್ದ ಫಿಲಂ ತೆಗೆದು ಮಗುಚಿ ಹಾಕಿದಳು.

"ಹಿಂಗೆ ನೋಡಿ ಸಾರ್," ಅಂದಳು. ಅವರು ನೋಡಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಮಲ್ಕಾಗೆ ಹದಿನಾರು ತುಂಬಿದಾಗ ಕೊನೆಯ ಎಕ್ಸ್‌ರೇ ಆಯಿತು. ಮೂವತ್ತಮೂರು ಡಿಗ್ರಿ. ಮೂಳೆ ಬೆಳೆಯುವುದು ನಿಂತಿತ್ತು. ನೆಟ್ಟಗಾಗಿರಲಿಲ್ಲ, ಆಪರೇಷನ್ನೂ ಬೇಕಾಗಲಿಲ್ಲ. ಇನ್ನು ಬರೋದು ಬೇಡವಾ ಅಂತ ಹುಡುಗಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಸಬೀರಾ ದ್ರೌಪದಮ್ಮನ ಕೈ ಹಿಡಿದು ಒತ್ತಿ, ಕೊಡಿಗೇಹಳ್ಳಿ ಮೇಲೆ ಹೋಗುವ ಯಲಹಂಕದ ಬಸ್ಸು ತಪ್ಪುತ್ತದೆ ಅಂತ ಹೊರಟಳು. ಹೊರಗೆ ಇನ್ನೂ ಹದಿನಾಲ್ಕು ಮಂದಿ ಕಾದಿದ್ದರು. ದ್ರೌಪದಮ್ಮ ಮುಂದಿನ ಚೀಟಿ ತೆಗೆದುಕೊಂಡು ಹೆಸರು ಕೂಗಿದಳು.